‘ಅಪ್ಪನ್ನ ಕರ್ಕೊಂಡು ಬಾ’

ಸಂಜೆ ನಾಲ್ಕೂಕಾಲಿಗೆ ಮೀಟಿಂಗಿನ ಮಧ್ಯೆ ಫೋನ್ ಸದ್ದು ಮಾಡಿತು. ಮಗಳ ಶಾಲೆಯ ಆ್ಯಪ್. ಸಾಮಾನ್ಯವಾಗಿ ಅದರಲ್ಲಿ ಬರುವುದು ಫೀಸಿನ ನೆನಪು, ಇಲ್ಲಾಂದ್ರೆ ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ ಅನ್ನುವ ಸೂಚನೆ. ಅವತ್ತು ಬಂದದ್ದು ಬೇರೆ. "ನಿಮ್ಮ ಮಗು ತರಗತಿಯಲ್ಲಿ ಗಮನ ಕೊಡುತ್ತಿಲ್ಲ. ಮೂರು ಸಲ ಹೋಂವರ್ಕ್ ಅರ್ಧಕ್ಕೆ ಬಿಟ್ಟಿದ್ದಾಳೆ. ದಯವಿಟ್ಟು ಗಮನಿಸಿ."

ಕೆಳಗೆ ‘ಓದಿದ್ದೇನೆ’ ಅನ್ನುವ ಬಟನ್ ಇತ್ತು. ಒತ್ತಿದೆ. ಮೀಟಿಂಗ್ ಮುಂದುವರಿಯಿತು.

ರಾತ್ರಿ ಮನೆಗೆ ಬಂದು ಮಗಳಿಗೆ ಚೆನ್ನಾಗಿ ಬೈದೆ. ಎರಡನೇ ಕ್ಲಾಸಿನ ಹುಡುಗಿ, ತಲೆ ತಗ್ಗಿಸಿ ನಿಂತಿದ್ದಳು. "ಇನ್ನೊಂದು ಸಲ ಮಿಸ್ ಕಂಪ್ಲೇಂಟ್ ಮಾಡಿದ್ರೆ ನೋಡು" ಅಂದೆ. ಡೈರಿಗೆ ಸಹಿ ಹಾಕಿ ಬ್ಯಾಗಿನೊಳಗೆ ಇಟ್ಟೆ. ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ವಾರ ಬಿಟ್ಟು ಪೇರೆಂಟ್ಸ್ ಮೀಟಿಂಗ್. ಒಬ್ಬೊಬ್ಬರಿಗೆ ಹತ್ತು ನಿಮಿಷ, ಹೊರಗೆ ಸಾಲು. ಟೀಚರ್ ನನಗಿಂತ ಚಿಕ್ಕವರು. ಪುಸ್ತಕ ತೆರೆದು ತೋರಿಸುತ್ತಾ ಹೇಳಿದರು: "ಜೂನ್, ಜುಲೈನಲ್ಲಿ ಇವಳೇ ಮೊದಲು ಕೈ ಎತ್ತೋಳು. ಆಗಸ್ಟ್ ಕೊನೆಯಿಂದ ಮಾತೇ ಕಡಿಮೆ. ಊಟದ ಡಬ್ಬಿಯೂ ಹಾಗೇ ಇರುತ್ತೆ. ಮನೆಯಲ್ಲಿ ಏನಾದ್ರೂ ಬದಲಾಗಿದೆಯಾ?"

"ಏನೂ ಇಲ್ಲ ಮೇಡಂ" ಅಂದೆ. ಸುಳ್ಳು ಹೇಳಲಿಲ್ಲ, ನನಗೆ ಹಾಗೇ ಅನ್ನಿಸಿತ್ತು. ಎದ್ದು ಬಾಗಿಲ ತನಕ ಹೋದವಳು ವಾಪಸ್ ಬಂದೆ. "ನಮ್ಮ ತಾಯಿ ಊರಿಗೆ ಹೋದ್ರು. ಇವಳು ಹುಟ್ಟಿದಾಗಿನಿಂದ ನೋಡ್ಕೊಂಡಿದ್ದು ಅವರೇ."

"ಯಾವಾಗ ಹೋದ್ರು?"

"ಆಗಸ್ಟ್ ಮೂರನೇ ವಾರ."

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಮೆಲ್ಲಗೆ ಅಂದರು: "ಇದು ಗೊತ್ತಿದ್ದಿದ್ರೆ ನಾನು ಆ ಮೆಸೇಜ್ ಕಳಿಸ್ತಾನೇ ಇರಲಿಲ್ಲ." ನನಗೂ ಅನ್ನಿಸಿತು: ಅವಳು ಡಬ್ಬಿ ಖಾಲಿ ಮಾಡುತ್ತಿಲ್ಲ, ಮಾತಾಡುತ್ತಿಲ್ಲ ಅಂತ ನನಗೆ ಮೊದಲೇ ಗೊತ್ತಿದ್ದಿದ್ದರೆ ನಾನೂ ಬೈಯುತ್ತಿರಲಿಲ್ಲ.

ಅವರ ಹತ್ತಿರ ಅರ್ಧ ಸಂಗತಿ ಇತ್ತು, ನನ್ನ ಹತ್ತಿರ ಇನ್ನರ್ಧ. ಎರಡನ್ನೂ ಹೊತ್ತುಕೊಂಡು ದಿನಾ ಸ್ಕೂಲ್ ವ್ಯಾನ್ ಹತ್ತಿದ್ದು ಏಳು ವರ್ಷದ ಮಗು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನೆನಪಾದದ್ದು ನನ್ನ ಅಣ್ಣ.

ಭೀಮಾ ದಂಡೆಯ ಗುಡಿ

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಕಲಬುರಗಿ ತನಕ ರೈಲು, ಅಲ್ಲಿಂದ ಬಸ್ಸು, ಕೊನೆಗೆ ಟಂಟಂ. ತೊಗರಿ, ಜೋಳ, ನೀರಿದ್ದವರಿಗೆ ಕಬ್ಬು. ಮಳೆ ಕೈಕೊಟ್ಟ ವರ್ಷ ಪುಣೆ, ಮುಂಬೈಗೆ ಗುಳೆ. ಮಹಾರಾಷ್ಟ್ರದ ಗಡಿ ಹತ್ತಿರವೇ ಇರುವುದರಿಂದ ಪುಣೆ ನಮಗೆ ಬೆಂಗಳೂರಿಗಿಂತ ಹತ್ತಿರದ ಊರು.

2002. ನಾನು ಐದನೇ ಇಯತ್ತೆ, ಅಣ್ಣ ಎಂಟನೇ ಇಯತ್ತೆ. ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದ ವರ್ಷ ಅದು. ನನಗೆ ಶಾಲೆಯಲ್ಲೇ ಬಿಸಿಯೂಟ. ಅಣ್ಣ ಪಕ್ಕದ ದೊಡ್ಡ ಊರಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ. ಅಲ್ಲಿ ಊಟ ಇರಲಿಲ್ಲ. ಆಯಿ ಅವನಿಗೆ ಬಟ್ಟೆಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡುತ್ತಿದ್ದಳು.

ಆ ವರ್ಷ ಬರ. ದೀಪಾವಳಿ ಮುಗಿಯುತ್ತಲೇ ಅಪ್ಪ, ಅವ್ವ ಇಬ್ಬರೂ ಪುಣೆಗೆ ಹೋದರು, ಕಟ್ಟಡ ಕೆಲಸಕ್ಕೆ. ನಮ್ಮಿಬ್ಬರನ್ನು ಆಯಿಯ ಹತ್ತಿರ ಬಿಟ್ಟರು. "ಸಾಲಿ ತಪ್ಪಿಸಬ್ಯಾಡ್ರಿ" ಅಂತ ಹೇಳಿ ಬಸ್ಸು ಹತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಣ್ಣ ದಿನಾ ಬೆಳಿಗ್ಗೆ ಪಾಟಿಚೀಲ ಹಾಕಿಕೊಂಡು ಹೋಗುತ್ತಿದ್ದ, ಸಂಜೆ ಐದಕ್ಕೆ ಬರುತ್ತಿದ್ದ. ಒಂದು ದಿನ ಊರಲ್ಲಿ ಹಿರಿಯರೊಬ್ಬರು ತೀರಿಕೊಂಡರು ಅಂತ ನಮ್ಮ ಶಾಲೆ ಬೇಗ ಬಿಟ್ಟರು. ನಾವು ಹುಡುಗಿಯರು ಹೊಳೆ ಕಡೆ ಹೋದೆವು. ದಂಡೆಯ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಯಾರೋ ಚೀಲ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಹತ್ತಿರ ಹೋದರೆ ನಮ್ಮಣ್ಣ.

"ಆಯಿಗಿ ಹೇಳಬ್ಯಾಡ. ಹೇಳಿದ್ರ ನೋಡು" ಅಂದ. ನಾನು ಅಳಲು ಶುರು ಮಾಡಿದ ಮೇಲೆ ತಾನಾಗೇ ಹೇಳಿದ. ಗಣಿತ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಆರು ಬಂದಿತ್ತು. ಮಾಸ್ತರರು ಎಬ್ಬಿಸಿ ನಿಲ್ಲಿಸಿ, "ಅಪ್ಪನ್ನ ಕರ್ಕೊಂಡು ಬಾ, ಆಮೇಲೆ ಕ್ಲಾಸಿನಾಗ ಕೂಡು" ಅಂದಿದ್ದರು.

"ಅಪ್ಪ ಪುಣೇದಾಗ ಅದಾನ. ಎಲ್ಲಿಂದ ಕರ್ಕೊಂಡು ಬರ್ಲಿ?"

"ಹಂಗಂತ ಹೇಳು ಮಾಸ್ತರಗ."

"ಎಲ್ಲಾರ ಮುಂದ ಗುಳೆ ಹೋಗ್ಯಾರ ಅಂತ ಹೇಳ್ಬೇಕಾ?"

ನಾನು ಯಾರಿಗೂ ಹೇಳಲಿಲ್ಲ. ಆಯಿ ದಿನಾ ರೊಟ್ಟಿ ಕಟ್ಟಿದಳು. ಅಣ್ಣ ದಿನಾ ಹೊಳೆ ದಂಡೆಗೆ ಹೋಗಿ ತಿಂದು ಬಂದ. ಹೀಗೆ ಮೂರು ತಿಂಗಳು.

ಯುಗಾದಿಗೆ ಅಪ್ಪ ಬಂದ. ಯಾರೋ ಹೇಳಿದರು, ಶಾಲೆಗೆ ಓಡಿದ. ಬಾಗಿಲ ಹೊರಗೆ ನಿಂತು ಕೇಳಿದನಂತೆ. ಮಾಸ್ತರರು ಬೈಯಲಿಲ್ಲ, ಅವರಿಗೇ ಆಶ್ಚರ್ಯವಾಯಿತಂತೆ. "ನೀವೆಲ್ಲ ಗುಳೆ ಹೋಗೀರಂತ ಹುಡುಗ್ರು ಅಂದ್ರು. ಅವನೂ ನಿಮ್ಮ ಸಂಗಟ ಹೋಗ್ಯಾನಂತ ತಿಳ್ಕೊಂಡ್ವಿ. ಹೆಸರು ತೆಗೆದೀವಲ್ಲ."

ಮನೆಯವರು ಅವನು ಶಾಲೆಯಲ್ಲಿದ್ದಾನೆ ಅಂದುಕೊಂಡರು. ಶಾಲೆಯವರು ಅವನು ಪುಣೆಯಲ್ಲಿದ್ದಾನೆ ಅಂದುಕೊಂಡರು. ಅವನಿದ್ದದ್ದು ನಡುವಿನ ಗುಡಿ ಕಟ್ಟೆಯ ಮೇಲೆ. ಅದು ಗೊತ್ತಿದ್ದದ್ದು ಹತ್ತು ವರ್ಷದ ನನಗೊಬ್ಬಳಿಗೆ.

ಮುಂದಿನ ವರ್ಷ ಅಣ್ಣನೂ ಪುಣೆಗೆ ಹೋದ, ಸಿಮೆಂಟಿನ ಬುಟ್ಟಿ ಹೊರಲು.

ಅವ್ವ ಕಳಿಸಿದ ಬ್ಯಾಳಿ

ಅಪ್ಪ ಅವ್ವನಿಗೆ ಓದಿನ ಬಗ್ಗೆ ಕಾಳಜಿ ಇರಲಿಲ್ಲ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ತೊಗರಿ ರಾಶಿಯಾದಾಗ ಮೊದಲ ಬ್ಯಾಳಿಯಲ್ಲಿ ಒಂದು ಡಬ್ಬಿ ಮಾಸ್ತರರ ಮನೆಗೆ ಕಳಿಸುತ್ತಿದ್ದಳು ಅವ್ವ. ನನ್ನ ಕೈಯಲ್ಲೇ. ಮಾಸ್ತರರು "ಹುಡುಗಿ ಛಲೋ ಓದ್ತಾಳ ಅಂತ ನಿಮ್ಮವ್ವಗ ಹೇಳು" ಅನ್ನುತ್ತಿದ್ದರು. ಅದನ್ನೂ ನಾನೇ ಬಂದು ಹೇಳುತ್ತಿದ್ದೆ. ಪ್ರಗತಿ ಪತ್ರಕ್ಕೆ ಅವ್ವ ಹೆಬ್ಬೆಟ್ಟು ಒತ್ತುತ್ತಿದ್ದಳು, ಅದನ್ನು ನಾನು ವಾಪಸ್ ಒಯ್ದು ಕೊಡುತ್ತಿದ್ದೆ. ಆದರೆ ಶಾಲೆಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ಕರೆದರೆ, "ಅಲ್ಲಿ ಬಂದು ನಾ ಏನ್ ಮಾತಾಡ್ಲಿ? ನನಗೇನ್ ತಿಳೀತದ?" ಅನ್ನುತ್ತಿದ್ದಳು.

ಮನೆಗೂ ಶಾಲೆಗೂ ನಡುವೆ ಸುದ್ದಿ ಓಡಾಡುತ್ತಿದ್ದದ್ದು ಮಕ್ಕಳ ಬಾಯಲ್ಲೇ. ನನ್ನ ವಿಷಯದಲ್ಲಿ ಅದು ನಡೆಯಿತು, ಯಾಕಂದ್ರೆ ನಾನು ತರುತ್ತಿದ್ದದ್ದು ಒಳ್ಳೆಯ ಸುದ್ದಿ. ಅಣ್ಣನ ಕೈಗೆ ಕೊಟ್ಟದ್ದು ಅವನ ಮೇಲಿನ ದೂರು. ಹದಿಮೂರು ವರ್ಷದ ಹುಡುಗ ತನ್ನ ಮೇಲಿನ ದೂರನ್ನು ತಾನೇ ಹೊತ್ತು ತಂದು ಕೊಡಬೇಕು ಅಂದರೆ ಎಷ್ಟು ಜನ ತಂದಾರು?

ಆಗ ಸಮಿತಿ ಇರಲಿಲ್ಲ ಅಂತಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲೇ ರಾಜ್ಯದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿತ್ತು. ಆದರೆ ನಮ್ಮ ಮನೆಯಲ್ಲಿ ಆ ಹೆಸರನ್ನೇ ಯಾರೂ ಕೇಳಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಪಾಲಕರನ್ನು ಆಗಾಗ ಕರೆದು ಮಗುವಿನ ಹಾಜರಾತಿ, ಕಲಿಕೆ, ಪ್ರಗತಿ ತಿಳಿಸುವುದನ್ನು ಅದು ಶಿಕ್ಷಕರ ಕರ್ತವ್ಯ ಅಂತಲೇ ಬರೆದಿದೆ. ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ಶಾಲೆ ಸಿಗುವಂತೆ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಜವಾಬ್ದಾರಿ ಅಂತಲೂ ಇದೆ. ನಮ್ಮಣ್ಣ ಎಂಟು ವರ್ಷ ಮುಂಚೆ ಎಂಟನೇ ಇಯತ್ತೆಗೆ ಬಂದುಬಿಟ್ಟಿದ್ದ.

ನಾನು ಮಾಡಿದ್ದು ಇಷ್ಟೇ

ಆ ಪೇರೆಂಟ್ಸ್ ಮೀಟಿಂಗ್ ಆದ ಮೇಲೆ ನಾನು ಮೂರು ಸಣ್ಣ ಕೆಲಸ ಮಾಡಿದೆ.

ಒಂದು, ಮನೆಯಲ್ಲಿ ಏನಾದರೂ ಬದಲಾದರೆ ಟೀಚರ್‌ಗೆ ನಾನೇ ಎರಡು ಸಾಲು ಬರೆಯುತ್ತೇನೆ. "ಈ ವಾರ ಅವಳ ಅಪ್ಪ ಊರಲ್ಲಿಲ್ಲ", "ರಾತ್ರಿ ಜ್ವರ ಇತ್ತು, ನಿದ್ದೆ ಸರಿಯಾಗಿಲ್ಲ", ಇಷ್ಟೇ. ಅವರೂ ಎರಡು ಸಾಲಿನಲ್ಲಿ ಉತ್ತರ ಬರೆಯುತ್ತಾರೆ. ಒಂದು ಸಲ ಬರೆದಿದ್ದರು: "ಇವತ್ತು ಅಜ್ಜಿಯ ಊರಿನ ಬಗ್ಗೆ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದಳು." ಆ ಮೆಸೇಜನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ.

ಎರಡು, ಟೀಚರ್ ದೂರು ಹೇಳಿದರೆ ಮೊದಲು ಅವರನ್ನೇ ಕೇಳುತ್ತೇನೆ, ಯಾವಾಗಿನಿಂದ, ಯಾವ ಹೊತ್ತಿನಲ್ಲಿ ಅಂತ. ಮಗಳನ್ನು ಕೇಳುವುದು ಆಮೇಲೆ. ಬೈಯುವುದಂತೂ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಮೂರು, ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟೀಚರ್ ಬಗ್ಗೆ ಮಾತಾಡುವುದು ಬಿಟ್ಟೆ. ರಾತ್ರಿ ಹನ್ನೊಂದಕ್ಕೆ "ಈ ಮಿಸ್ ಸರಿ ಇಲ್ಲ" ಅಂತ ಇಪ್ಪತ್ತು ಜನ ಬರೆದರೆ, ಬೆಳಿಗ್ಗೆ ಅದೇ ಮಿಸ್ ಮುಂದೆ ಹೋಗಿ ಕೂರುವುದು ನಮ್ಮ ಮಕ್ಕಳೇ. ಏನಾದರೂ ಇದ್ದರೆ ನೇರವಾಗಿ ಅವರಿಗೇ ಹೇಳುತ್ತೇನೆ. ಎಲ್ಲ ಸಲ ಸಮಾಧಾನದ ಉತ್ತರ ಸಿಗುತ್ತದೆ ಅಂತಲ್ಲ. ಹೋಂವರ್ಕ್ ಜಾಸ್ತಿ ಆಯಿತು ಅಂತ ಹೇಳಿದ್ದಕ್ಕೆ "ಮೇಲಿನವರನ್ನು ಕೇಳಬೇಕು" ಅಂದವರು ಇನ್ನೂ ಕೇಳುತ್ತಲೇ ಇದ್ದಾರೆ.

ವೈನಿಯ ಪುಸ್ತಕ

ಡಿಸೆಂಬರ್‌ನಲ್ಲಿ ಎಳ್ಳಮಾವಾಸ್ಯೆಗೆ ಊರಿಗೆ ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಮಗಳು ಅಜ್ಜಿಯ ಸೆರಗು ಬಿಡಲಿಲ್ಲ. ಮರುದಿನ ಬೆಳಿಗ್ಗೆ ವೈನಿ, "ಸಾಲಿಗಿ ಹೊಂಟೀನಿ, ಮೀಟಿಂಗ್ ಅದ. ಬರ್ತೀರೇನು?" ಅಂದಳು.

ವೈನಿ ಓದಿದ್ದು ಏಳನೇ ಇಯತ್ತೆ. ಈಗ ನಮ್ಮೂರ ಶಾಲೆಯ ಎಸ್‌ಡಿಎಂಸಿ ಸದಸ್ಯೆ. ಅದಕ್ಕೊಂದು ಹಿನ್ನೆಲೆ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ದಂಡೆಯ ಹಳ್ಳಿಗಳಿಗೆಲ್ಲ ನೀರು ನುಗ್ಗಿತು. ನಮ್ಮ ಶಾಲೆ ದಿಬ್ಬದ ಮೇಲಿದೆ. ಕೊರೊನಾದಿಂದ ಮಕ್ಕಳಿರಲಿಲ್ಲ, ಖಾಲಿ ಇತ್ತು. ಮನೆಯೊಳಗೆ ನೀರು ಬಂದವರೆಲ್ಲ ಅಲ್ಲಿ ಹೋಗಿ ಉಳಿದರು. ಅಷ್ಟು ವರ್ಷ ಮೆಟ್ಟಿಲು ಹತ್ತದ ಅವ್ವ ಮೂರು ರಾತ್ರಿ ಅದೇ ಶಾಲೆಯಲ್ಲಿ ಮಲಗಿದಳು. ವೈನಿ ಮತ್ತೆ ನಾಲ್ಕು ಹೆಣ್ಣುಮಕ್ಕಳು ಬಿಸಿಯೂಟದ ಕೋಣೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿದರು. ಹೆಡ್‌ಮಾಸ್ತರರು ಅಕ್ಕಿ, ಬ್ಯಾಳಿ ಲೆಕ್ಕ ಬರೆದರು. "ಅವಾಗ ಅಂಜಿಕಿ ಹೋಯ್ತು ನೋಡ್ರಿ. ಒಂದು ಸಲ ಒಲಿ ಹಚ್ಚಿದ ಮ್ಯಾಲ ಅದು ನಮ್ಮ ಮನಿನೇ" ಅಂತಾಳೆ ವೈನಿ. ಮುಂದಿನ ಸಲ ಸಮಿತಿ ಆಯ್ಕೆಯಾದಾಗ ಇವಳೂ ನಿಂತಳು.

ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಾದರೂ ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಮುಂದಿನ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಹೋಯಿತು ಅಂತ ಕೇಳುವುದು ಇವರ ಕೆಲಸ. ಒಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. ಈ ನಿಯಮ ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ವರ್ಷಕ್ಕೆ ಲಕ್ಷದ ಮೇಲೆ ಫೀಸು ಕಟ್ಟುವ ನನಗೆ ಈ ಕಾಯ್ದೆ ಕೊಡದ ಹಕ್ಕು, ಒಂದು ರೂಪಾಯಿ ಫೀಸಿಲ್ಲದ ಶಾಲೆಯಲ್ಲಿ ನಮ್ಮ ವೈನಿಗೆ ಇದೆ.

ಆದರೆ ಹಕ್ಕು ಇದ್ದರೂ ಮೊದಮೊದಲು ಸಭೆಗೆ ಯಾರೂ ಬರುತ್ತಿರಲಿಲ್ಲವಂತೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬಂದಾರು? ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಮಾಡಿಸುತ್ತಿದ್ದರು. ವೈನಿ ಹೇಳಿದ್ದು ಒಂದೇ ಮಾತು: "ಅಮಾಸಿ ದಿನ ಇಡ್ರಿ. ಅವತ್ತ ಎತ್ತು ಹೂಡಂಗಿಲ್ಲ, ಮಂದಿ ಊರಾಗ ಇರ್ತಾರ." ಈಗ ಹಾಗೇ ನಡೆಯುತ್ತಿದೆ. ಎಳ್ಳಮಾವಾಸ್ಯೆಗೆ ಮಾತ್ರ ಊರಿಗೆ ಊರೇ ಹೊಲದಲ್ಲಿರುತ್ತದೆ, ಅದಕ್ಕೆ ಈ ಸಲ ಮರುದಿನ.

ಹೋಗಿ ಕೂತೆ. ಹದಿನೈದು ಜನ ಇದ್ದರು. ಹೆಡ್‌ಮಾಸ್ತರರು ಹಾಜರಾತಿ ಓದುತ್ತಾ ಹೋದರು. ಒಂದು ಹೆಸರಿಗೆ ವೈನಿ ತಡೆದಳು.

"ಆ ಹುಡುಗಿ ನಾಕು ದಿನ ಆಯ್ತು ಬಂದಿಲ್ಲ. ಯಾಕ್ರಿ?"

"ಆರಾಮಿಲ್ಲ ಅಂತ ಹೇಳಿ ಕಳಿಸ್ಯಾರ."

"ಯಾರ ಕೈಲಿ?"

"ಅಕಿ ತಮ್ಮನ ಕೈಲಿ."

"ಹಂಗಾದ್ರ ಸಂಜಿಗಿ ನಾನೂ ಅಕ್ಕೋರು ಕೂಡಿ ಹೋಗಿ ನೋಡ್ಕೊಂಡು ಬರ್ತೀವಿ."

ಸಂಜೆ ನಾನೂ ಹಿಂದೆ ಹೋದೆ. ಹುಡುಗಿಗೆ ಆರಾಮ ಇತ್ತು. ತೊಗರಿ ರಾಶಿ ಕೆಲಸಕ್ಕೆ ತಾಯಿ ಹೋಗುತ್ತಿದ್ದಳು, ಎಂಟು ತಿಂಗಳ ಕೂಸನ್ನು ಈ ಹುಡುಗಿ ಹಿಡಿದುಕೊಂಡು ಕೂತಿದ್ದಳು. ವೈನಿ ಬೈಯಲಿಲ್ಲ. ಚಹಾ ಕುಡಿದು, ಬಾಜೂ ಮನೆಯ ಮುದುಕಿಯನ್ನು ಕರೆದು, ಮಧ್ಯಾಹ್ನದ ತನಕ ಕೂಸನ್ನು ನೋಡಿಕೊಳ್ಳಲು ಒಪ್ಪಿಸಿದಳು. ಪೂರ್ತಿ ಬಗೆಹರಿಯಿತು ಅಂತ ಹೇಳಲಾರೆ. ಆಮೇಲೆ ವೈನಿ ಫೋನಿನಲ್ಲಿ ಹೇಳಿದ್ದು, ಹುಡುಗಿ ವಾರಕ್ಕೆ ನಾಲ್ಕು ದಿನ ಬರ್ತಾಳ, ಎರಡು ದಿನ ಬರಂಗಿಲ್ಲ ಅಂತ. ಸೊನ್ನೆಗಿಂತ ನಾಲ್ಕು ಜಾಸ್ತಿ.

ಹೆಡ್‌ಮಾಸ್ತರರ ಮಾತೂ ಕೇಳಿದೆ. ಕಾಯಂ ಶಿಕ್ಷಕರು ಕಡಿಮೆ, ಉಳಿದವರು ಅತಿಥಿ ಶಿಕ್ಷಕರು. ಅದರ ಮೇಲೆ ಚುನಾವಣೆ, ಸಮೀಕ್ಷೆ ಅಂತ ಬೇರೆ ಕೆಲಸ. "ಪಾಲಕರು ಎರಡೇ ಹೊತ್ತಿಗಿ ಬರ್ತಾರ್ರಿ ಮೇಡಂ. ಟಿಸಿ ಬೇಕಾದಾಗ, ಇಲ್ಲಾ ಜಗಳ ಮಾಡ್ಲಾಕ. ಸುಮ್ಮ ಬಂದು, ನಮ್ಮ ಹುಡುಗ ಹ್ಯಾಂಗ ಅದಾನ್ರಿ ಅಂತ ಕೇಳಿದ್ರ ನಮಗೂ ಹುರುಪು ಬರ್ತದ." ಮನೆಯವರು ಶಾಲೆಗೆ ಹೆದರುತ್ತಾರೆ ಅಂತ ನನಗೆ ಗೊತ್ತಿತ್ತು. ಶಾಲೆಯವರೂ ನಮ್ಮ ದಾರಿ ಕಾಯುತ್ತಾರೆ ಅಂತ ಗೊತ್ತಿರಲಿಲ್ಲ.

ಹೊರಡುವಾಗ ವೈನಿ ಒಂದು ನೂರು ಪುಟದ ನೋಟ್‌ಬುಕ್ ತೋರಿಸಿದಳು. ಗುಳೆ ಹೋಗುವವರು ಹೋಗುವ ಮುಂಚೆ ಶಾಲೆಗೆ ಬಂದು ಅದರಲ್ಲಿ ಬರೆಸಬೇಕು: ಮಗು ಸಂಗಡ ಬರುತ್ತದೋ, ಊರಲ್ಲೇ ಉಳಿಯುತ್ತದೋ. ಉಳಿದರೆ ಯಾರ ಮನೆಯಲ್ಲಿ, ಯಾರ ಫೋನ್ ನಂಬರ್. ಮೂರು ದಿನ ಮಗು ಬರದಿದ್ದರೆ ಆ ನಂಬರಿಗೆ ಶಾಲೆಯಿಂದ ಫೋನ್ ಹೋಗುತ್ತದೆ. ಅಷ್ಟೇ, ಮತ್ತೇನಿಲ್ಲ. "ಇದು ಯಾರ ವಿಚಾರ?" ಅಂತ ಕೇಳಿದೆ.

"ನಿಮ್ಮಣ್ಣನ ಕಥಿ ಕೇಳಿ ಕೇಳಿ ಸಾಕಾಗಿತ್ರಿ. ಅದಕ್ಕ ಬರಸ್ಲಿಕ್ಕ ಹಚ್ಚೀನಿ" ಅಂತ ನಕ್ಕಳು.

ಅಣ್ಣ ಈಗ ಊರಿಗೂ ಅಫಜಲಪುರಕ್ಕೂ ಟಂಟಂ ಓಡಿಸುತ್ತಾನೆ. ಅವತ್ತೂ ಶಾಲೆಯ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದ. ಒಳಗೆ ಬರುವುದಿಲ್ಲ, ಯಾವತ್ತೂ ಬಂದಿಲ್ಲ. ವೈನಿ ಹಿಂದೆ ಕೂತಳು, ನಾನು ಅವನ ಪಕ್ಕ. ಇಪ್ಪತ್ತಮೂರು ವರ್ಷದಿಂದ ಹೇಳಬೇಕು ಅಂದುಕೊಂಡದ್ದನ್ನು ಗಾಡಿಯ ಸದ್ದಿನಲ್ಲೇ ಹೇಳಿದೆ. "ಅಣ್ಣಾ, ಅವತ್ತ ಹೊಳಿ ಗುಡಿಯಾಗ ನಿನ್ನ ನೋಡಿದ್ದು ನಾ ಆಯಿಗಿ ಹೇಳಬೇಕಾಗಿತ್ತು. ಹೇಳಿದ್ರ ನಿನ್ನ ಸಾಲಿ ಉಳೀತಿತ್ತು."

ಅವನು ರಸ್ತೆ ನೋಡುತ್ತಲೇ ಇದ್ದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು, ದಾರಿ ಬಿಟ್ಟು ನಿಂತ. ಅದು ದಾಟಿದ ಮೇಲೆ ಅಂದ:

"ನೀ ಹತ್ತು ವರ್ಷದಾಕಿ ಇದ್ದಿ. ಅದು ನಿನ್ನ ಕೆಲಸ ಅಲ್ಲಾಗಿತ್ತು ತಂಗಿ. ದೊಡ್ಡೋರು ದೊಡ್ಡೋರು ಮಾತಾಡ್ಕೊಬೇಕಾಗಿತ್ತು."

ಗೇರು ಹಾಕಿ ಗಾಡಿ ಮುಂದೆ ಬಿಟ್ಟ.